ಗರಡಿಯ ಮಣ್ಣು, ಜೆ.ಸಿ. ರಸ್ತೆಯ ಕಬ್ಬಿಣ

ಬೆಂಗಳೂರಿನ ಜೆ.ಸಿ. ರಸ್ತೆ ಎಂದರೆ ಇವತ್ತಿನವರಿಗೆ ಮೋಟಾರು ಬಿಡಿಭಾಗಗಳ ಅಂಗಡಿಸಾಲು. ನಾಟಕದ ಗೀಳಿನವರಿಗೆ ರವೀಂದ್ರ ಕಲಾಕ್ಷೇತ್ರ. ಅದಕ್ಕೂ ಹಿಂದಿನ ಒಂದು ತಲೆಮಾರಿಗೆ ಆ ರಸ್ತೆ ಎಂದರೆ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ. ಮೈ ಬೆಳೆಸಲು ಬಂದವರಿಗೂ ನಾಟಕ ಕಟ್ಟಲು ಬಂದವರಿಗೂ ಅಲ್ಲಿ ಒಂದೇ ಬಾಗಿಲು.

ಕರ್ನಾಟಕದ ವ್ಯಾಯಾಮ ಸಂಸ್ಥೆಗಳ ಕಥೆಯನ್ನು ಈ ಸ್ಮರಣ ಸಂಚಿಕೆಗೆ ಬರೆದುಕೊಡಬೇಕು ಎಂದು ಕೇಳಿದಾಗ, ಯಾರನ್ನು ನಡುವೆ ನಿಲ್ಲಿಸಬೇಕು ಎಂದು ನಾನು ಹೆಚ್ಚು ಯೋಚಿಸಲಿಲ್ಲ. ಗರಡಿಯ ಚರಿತ್ರೆ ನೂರಾರು ವರ್ಷಗಳದ್ದು, ಇಂದಿನ ಜಿಮ್ಮಿನದು ತೀರಾ ಈಚಿನದು. ಎರಡಕ್ಕೂ ಸಲ್ಲುವವರು ಅಯ್ಯರ್. ಆದರೆ ಅವರು ಏನು ಬದಲಿಸಿದರು ಎಂದು ತಿಳಿಯಬೇಕಾದರೆ ಮೊದಲು ಗರಡಿಯೊಳಗೆ ಹೋಗಿಬರಬೇಕು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಪಳಗುವಿಕೆಗಳ ಮೇಲೆ ವಿಂಗಡಿಸಿ, ಅವರ ಊಟ ಏನಿರಬೇಕು, ಸಾಧನೆ ಹೇಗಿರಬೇಕು ಎಂದು ಅದು ಹೇಳುತ್ತದೆ. ಭಾರ ಹೊರುವ ಶ್ರಮ, ನಡೆದಾಟದ ಶ್ರಮ, ನೀರಿನಲ್ಲಿ ಮಾಡುವ ಶ್ರಮ, ತೋಳಿಗೆ ತೋಳು ಒಡ್ಡುವ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ ಹೀಗೆ ಬಗೆಬಗೆಯ ಶ್ರಮಗಳನ್ನು ಹೆಸರಿಟ್ಟು ಕರೆಯುತ್ತದೆ. ಕೊನೆಯದರಲ್ಲಿ ನಮ್ಮ ಮಲ್ಲಕಂಬದ ಪೂರ್ವಜ ಕಾಣಿಸುತ್ತದೆ. ದೇಹವನ್ನು ಬಿಡಿಬಿಡಿ ಸ್ನಾಯುಗಳಾಗಿ ನೋಡದೆ ಅದು ಮಾಡಬೇಕಾದ ಕೆಲಸಗಳಿಂದ ನೋಡುವ ಈ ಕ್ರಮವನ್ನು ಇಂದು ‘ಫಂಕ್ಷನಲ್ ಫಿಟ್‌ನೆಸ್’ ಎಂದು ಬೋರ್ಡು ಹಾಕಿ ಕಲಿಸುತ್ತಾರೆ. ಬಸವಕಲ್ಯಾಣದವರು ಇದಕ್ಕಾಗಿ ಶುಲ್ಕ ಕೇಳಿಲ್ಲ, ಅಷ್ಟೇ.

ಹಳೇ ಮೈಸೂರು ಸೀಮೆಯಲ್ಲಿ ಗರಡಿ ಮನೆ, ಬೆಳಗಾವಿ–ಧಾರವಾಡದ ಕಡೆ ತಾಲೀಮು. ಹೆಸರು ಬೇರೆಯಾದರೂ ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ನಡುವೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ಮಣ್ಣನ್ನು ಸೋಸಿ, ಅರಿಸಿನ, ಎಣ್ಣೆ ಅಥವಾ ತುಪ್ಪ, ಮಜ್ಜಿಗೆ ಬೆರೆಸಿ ಹದ ಮಾಡುತ್ತಾರೆ. ಬಿದ್ದವನ ಮೈ ತರಚಬಾರದು, ಮಣ್ಣು ಕಲ್ಲಾಗಬಾರದು. ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಗುದ್ದಲಿ ಕೊಟ್ಟು ಅಖಾಡ ಅಗೆಯಲು ಹಚ್ಚುತ್ತಾರೆ. ಇದನ್ನು ಬಿಟ್ಟಿ ಚಾಕರಿ ಎಂದು ಗೊಣಗಿದವರು ಎಲ್ಲ ಕಾಲದಲ್ಲೂ ಇದ್ದಿರಬೇಕು. ಸೊಂಟದಿಂದ ಬಗ್ಗಿ, ಬೆನ್ನು ನೆಟ್ಟಗಿಟ್ಟುಕೊಂಡು, ತೊಡೆಯ ಬಲದಿಂದ ಮಣ್ಣೆತ್ತುವ ಆ ಕೆಲಸವೇ ಮೊದಲ ಪಾಠ. ಇಂದಿನ ತರಬೇತುದಾರರು ಡೆಡ್‌ಲಿಫ್ಟ್ ಕಲಿಸುವಾಗ ಕಿರುಚಿ ಕಿರುಚಿ ಹೇಳುವುದೂ ಇದನ್ನೇ.

ಆಮೇಲೆ ದಂಡ, ಬಸ್ಕಿ. ದಂಡ ಎದೆ, ಭುಜ, ಬೆನ್ನುಗಳನ್ನು ಒಂದೇ ಎಳೆತದಲ್ಲಿ ಹುರಿ ಮಾಡುತ್ತದೆ. ಬಸ್ಕಿ ತೊಡೆಯನ್ನೂ ಉಸಿರನ್ನೂ ಒಟ್ಟಿಗೆ ಪಳಗಿಸುತ್ತದೆ. ಗದೆಯ ಗುಟ್ಟು ಅದರ ತೂಕಕ್ಕಿಂತ ಹೆಚ್ಚಾಗಿ ಆ ತೂಕ ಎಲ್ಲಿದೆ ಎಂಬುದರಲ್ಲಿದೆ. ಭಾರವೆಲ್ಲ ಹಿಡಿಯಿಂದ ದೂರದ ತುದಿಯಲ್ಲಿರುವುದರಿಂದ ಹತ್ತು ಕಿಲೋ ಗದೆಯೂ ಬೆನ್ನ ಹಿಂದೆ ತಿರುಗುವಾಗ ಹೊತ್ತವನ ಹಿಡಿತ, ಭುಜ, ನಡು ಎಲ್ಲವನ್ನೂ ವಿಚಾರಿಸಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಸಡಿಲ ಬಿಟ್ಟರೆ ಗದೆಯೇ ಆಳನ್ನು ತಿರುಗಿಸುತ್ತದೆ. ಗದೆಯ ಹಾಗೆಯೇ ಮುದ್ಗರ ತಿರುವುವ ಅಭ್ಯಾಸವನ್ನು ಇಲ್ಲಿದ್ದ ಬ್ರಿಟಿಷ್ ಸೈನ್ಯದವರು ತಮ್ಮೂರಿಗೆ ಒಯ್ದರು. ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಅದು ಅಮೆರಿಕದವರೆಗೂ ಹೋಗಿ, 1904ರ ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯೂ ಆಯಿತು.

ಗರಡಿಯಲ್ಲಿ ಕನ್ನಡಿ ಇರಲಿಲ್ಲ ಎಂಬುದನ್ನು ನಾನು ಮುಖ್ಯವಾದ ಸಂಗತಿ ಎಂದೇ ತಿಳಿಯುತ್ತೇನೆ. ತನ್ನ ಬಲ ಎಷ್ಟು ಎಂದು ಪೈಲ್ವಾನನಿಗೆ ತಿಳಿಯುತ್ತಿದ್ದುದು ಇನ್ನೊಬ್ಬನ ಮೈಮೇಲೆ. ಜೊತೆಗಾರ ಬಾರದ ದಿನ ಅರ್ಧ ಸಾಧನೆ ನಿಂತುಹೋಗುತ್ತಿತ್ತು. ಹಾಗಾಗಿ ಬಾರದವನ ಮನೆಗೆ ಆಳು ಹೋಗುವುದು ಗರಡಿಯಲ್ಲಿ ಔದಾರ್ಯವೇನಲ್ಲ, ಅಗತ್ಯ. ಮಣ್ಣಿಗಿಳಿದ ಮೇಲೆ ಮೈಗೆ ಮೈ ತಾಗಲೇಬೇಕು. ಮೈಸೂರಿನ ಅಖಾಡಗಳಲ್ಲಿ ಹಿಂದೂ ಮುಸ್ಲಿಂ ಪೈಲ್ವಾನರು ಒಂದೇ ಮಣ್ಣನ್ನು ಮೈಗೆ ಬಳಿದುಕೊಂಡದ್ದು, ಒಬ್ಬರ ಉಸ್ತಾದರ ಕಾಲಿಗೆ ಇನ್ನೊಬ್ಬರು ಎರಗಿದ್ದು ಆ ಊರಿನವರಿಗೆ ಹೊಸ ಸುದ್ದಿಯಲ್ಲ.

ಹಾಗೆಂದು ಗರಡಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಒಂದೊಂದು ಗರಡಿ ಒಂದೊಂದು ಕೇರಿಗೆ, ಎಷ್ಟೋ ಕಡೆ ಒಂದೊಂದು ಜಾತಿಗೆ ಅಂಟಿಕೊಂಡಿತ್ತು. ಹೆಣ್ಣುಮಕ್ಕಳಿಗೆ ಹೊಸ್ತಿಲೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿನ ಸಾಧನೆಯೆಲ್ಲ ಕುಸ್ತಿಗಾಗಿ. ದಸರೆಯಲ್ಲೋ ಊರ ಜಾತ್ರೆಯಲ್ಲೋ ಜೋಡಿ ಕಟ್ಟುವಾಗ ಹೆಸರು ಬರಬೇಕು, ಪೇಟ ಸುತ್ತಿಸಿಕೊಂಡು ಮೆರವಣಿಗೆಯಲ್ಲಿ ಮನೆಗೆ ಬರಬೇಕು. ಜಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನೆತ್ತರು ಚಿಮ್ಮಿದೊಡನೆ ಮುಗಿಯುವ ವಿಧಿ. ಕುಸ್ತಿ ಆಡದವನಿಗೆ, ಎಂದರೆ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ, ಸಣಕಲು ವಿದ್ಯಾರ್ಥಿಗೆ, ಕಾಯಿಲೆಯಿಂದೆದ್ದ ನಡುವಯಸ್ಸಿನವನಿಗೆ ಗರಡಿಯಲ್ಲಿ ಮಾಡಲು ಏನೂ ಇರಲಿಲ್ಲ. ಹಾಲು, ಬಾದಾಮಿ, ತುಪ್ಪದ ಖರ್ಚು ಹೊರುವ ಶಕ್ತಿಯೂ ಅವರಿಗೆ ಇರುತ್ತಿರಲಿಲ್ಲ.

ಅಯ್ಯರ್ ಬಾಗಿಲು ತೆರೆದದ್ದು ಇವರಿಗೆ.

ಕೋಲಾರದ ವೆಂಕಟೇಶ ಅಯ್ಯರ್ ಬೆಳೆದ ಕಾಲದಲ್ಲಿ ಸ್ಯಾಂಡೋನ ಹೆಸರು ದೇಶದ ಪೇಟೆಪಟ್ಟಣಗಳಲ್ಲೆಲ್ಲ ಓಡಾಡುತ್ತಿತ್ತು. ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ ಲಂಡನ್ನಿನ ರಂಗಮಂಚಗಳಲ್ಲಿ ಹೆಸರು ಮಾಡಿದ ಯೂಜೆನ್ ಸ್ಯಾಂಡೋ, 1901ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆಯನ್ನು ಏರ್ಪಡಿಸಿ, ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಅವರನ್ನು ತೀರ್ಪುಗಾರರ ಪಂಕ್ತಿಯಲ್ಲಿ ಕೂರಿಸಿದವನು. 1904–05ರಲ್ಲಿ ಅವನು ಭಾರತಕ್ಕೂ ಬಂದು ಹೋದ. ಅವನ ಸ್ಪ್ರಿಂಗ್ ಡಂಬೆಲ್ಲುಗಳು, ನಕ್ಷೆಗಳು ಇಲ್ಲಿ ಮಾರಾಟವಾದವು. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ದೊರೆ ಭವಾನರಾವ್ ಪಂತ ಪ್ರತಿನಿಧಿ ಅವುಗಳನ್ನು ತರಿಸಿ ವರ್ಷಗಟ್ಟಲೆ ಬಳಸಿ, ಆಮೇಲೆ ಬದಿಗಿಟ್ಟು ಸೂರ್ಯನಮಸ್ಕಾರಕ್ಕೆ ಹೊರಳಿದರು. ಶಾಲೆಗಳಲ್ಲಿ ಅದನ್ನೇ ಹಬ್ಬಿಸಿದರು. ಅಯ್ಯರ್ ಹೊರಳಲಿಲ್ಲ. ಅವರಿಗೆ ಕಬ್ಬಿಣವೂ ಬೇಕಿತ್ತು, ಸೂರ್ಯನಮಸ್ಕಾರವೂ ಬೇಕಿತ್ತು.

ಬೆಂಗಳೂರಿನಲ್ಲಿ ಅವರು ಕಟ್ಟಿದ ಹರ್ಕ್ಯುಲಸ್ ಜಿಮ್ನೇಷಿಯಂನ ಹೆಸರು ಗ್ರೀಸಿನಿಂದ ಬಂದದ್ದು, ಒಳಗಿನ ಪಾಕ ಮಾತ್ರ ಬೆರಕೆ. ಬಾರ್‌ಬೆಲ್, ಡಂಬೆಲ್‌ಗಳ ಜೊತೆಗೆ ದಂಡ, ಬಸ್ಕಿ, ಆಸನ, ಅಂಗಮರ್ದನ. 1930ರಲ್ಲಿ ಹೊರಬಂದ ‘ಮಸಲ್ ಕಲ್ಟ್’ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳುವುದು ಇದನ್ನು: ತಮ್ಮ ಮೈಯನ್ನು ಕಟ್ಟಿದ್ದರಲ್ಲಿ ಸರಳು, ಗುಂಡು, ಸ್ಪ್ರಿಂಗುಗಳೆಲ್ಲ ಸೇರಿ ಮಾಡಿದ್ದಕ್ಕಿಂತ ಹಠಯೋಗ ಮಾಡಿದ್ದು ಹೆಚ್ಚು. ಆ ಹೊತ್ತಿಗೆ ಇದು ಎರಡೂ ಕಡೆಯವರಿಗೆ ಇರಿಸುಮುರಿಸಿನ ಮಾತು. ಪೈಲ್ವಾನರ ಕಣ್ಣಿಗೆ ಆಸನ ಸನ್ಯಾಸಿಗಳ ಬಾಬತ್ತು. ಯೋಗದವರ ಕಣ್ಣಿಗೆ ತೋಳು ಉಬ್ಬಿಸುವುದು ಬರೀ ಜಂಭ. ಅಯ್ಯರ್ ಒಡನಾಡಿ ಎಸ್. ಸುಂದರಂ ‘ಯೋಗಿಕ್ ಫಿಸಿಕಲ್ ಕಲ್ಚರ್’ ಎಂಬ ಪುಸ್ತಕ ಬರೆದು ಯೋಗವನ್ನು ಸಾಮಾನ್ಯ ಗೃಹಸ್ಥನ ವ್ಯಾಯಾಮವನ್ನಾಗಿ ವಿವರಿಸಿದರು. ಇಬ್ಬರೂ ಒಂದೇ ವೇದಿಕೆ ಹತ್ತಿ, ಒಬ್ಬರು ಸ್ನಾಯು ಕುಣಿಸಿ, ಇನ್ನೊಬ್ಬರು ಆಸನ ಹಾಕಿ ತೋರಿಸುತ್ತಿದ್ದರು.

ಜಂಭದ ಮಾತು ಬಂತಲ್ಲ. ತಮ್ಮ ಮೈಕಟ್ಟಿನ ಬಗ್ಗೆ ಬರೆಯುವಾಗ ಅಯ್ಯರ್ ಎಳ್ಳಷ್ಟೂ ಸಂಕೋಚಪಟ್ಟವರಲ್ಲ. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ತೆಗೆಸಿಕೊಂಡ ಅವರ ಛಾಯಾಚಿತ್ರಗಳು ಇಂಗ್ಲೆಂಡಿನ ‘ಹೆಲ್ತ್ ಅಂಡ್ ಸ್ಟ್ರೆಂತ್’ನಂಥ ಪತ್ರಿಕೆಗಳಲ್ಲಿ ಅಚ್ಚಾದವು. ವಸಾಹತುವಿನ ಒಬ್ಬ ಪ್ರಜೆ, ಅದೂ ಮೈ ಮುಚ್ಚಿಕೊಂಡೇ ಬೆಳೆದ ಬ್ರಾಹ್ಮಣರ ಮನೆಯ ಹುಡುಗ, ಲಂಡನ್ನಿನ ಓದುಗರ ಮುಂದೆ ಹೀಗೆ ನಿಂತದ್ದರಲ್ಲಿ ಕೆಚ್ಚು ಇದೆ. ಆದರೂ ಗರಡಿಗೆ ಇಲ್ಲದ ಕನ್ನಡಿ ನಮ್ಮ ವ್ಯಾಯಾಮಕ್ಕೆ ಬಂದದ್ದು ಈ ಛಾಯಾಚಿತ್ರಗಳ ದಾರಿಯಿಂದಲೇ ಎಂದು ನನ್ನ ಎಣಿಕೆ. ಇನ್ನೊಬ್ಬನನ್ನು ಎತ್ತಿ ಹಾಕಿ ತಿಳಿಯುತ್ತಿದ್ದ ಬಲ ಈಗ ನೋಡಿ ತಿಳಿಯುವುದಾಯಿತು. ಜೊತೆಗಾರ ಇಲ್ಲದೆಯೂ ನಡೆಯುತ್ತದೆ ಎಂಬ ಸೌಕರ್ಯ ಬಂತು. ಅದರ ಬೆನ್ನಿಗೇ ಒಂಟಿತನವೂ ಬಂತು.

ಅಯ್ಯರ್ ನಡೆಸುತ್ತಿದ್ದ ಅಂಚೆ ಶಿಕ್ಷಣ ಈ ಒಂಟಿತನವನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ದಿತು. ದೂರದ ಊರಿನವನೊಬ್ಬ ತನ್ನ ಮನೆಯ ಹಜಾರದಲ್ಲಿಯೇ, ಅಯ್ಯರ್ ಕಳಿಸಿದ ಪಾಠಗಳನ್ನು ನೋಡಿಕೊಂಡು ಮೈ ಬೆಳೆಸಬಹುದಿತ್ತು. ಗುರುಶಿಷ್ಯರು ಮುಖ ನೋಡದ ಈ ಪದ್ಧತಿಯನ್ನು ಯಾವ ಉಸ್ತಾದರೂ ಒಪ್ಪುತ್ತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಸ್ಕ್ವಾಟ್ ಮಾಡುವ ಇಂದಿನ ಹುಡುಗರ ಅಜ್ಜಂದಿರು ಆ ಅಂಚೆ ಶಿಷ್ಯರು. ತಪ್ಪು ತಿದ್ದಲು ಪಕ್ಕದಲ್ಲಿ ಯಾರೂ ಇಲ್ಲ ಎಂಬ ತೊಂದರೆ ಇಬ್ಬರದೂ ಒಂದೇ. ಆದರೆ ಹಳ್ಳಿಯ ಮೇಷ್ಟರೊಬ್ಬರಿಗೆ, ರೈಲ್ವೆ ಕ್ವಾರ್ಟರ್ಸ್‌ನ ಗುಮಾಸ್ತರೊಬ್ಬರಿಗೆ ಬೇರೆ ದಾರಿಯಾದರೂ ಏನಿತ್ತು?

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಅಯ್ಯರ್ ಅವರಿಗೆ ದೊರೆಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದ ಕಾಲದಲ್ಲೇ, ಅದಕ್ಕೆ ಕೂಗಳತೆಯಲ್ಲಿ ಅಯ್ಯರ್ ಶಿಷ್ಯರೊಬ್ಬರು ದೇಹದಾರ್ಢ್ಯ ಕಲಿಸುತ್ತಿದ್ದರು. ಜಗತ್ತಿನ ಮೂಲೆಮೂಲೆಯಲ್ಲಿ ಇಂದು ಕಲಿಸುವ ಯೋಗದ ಒಂದು ದೊಡ್ಡ ಭಾಗ ಆ ಯೋಗಶಾಲೆಯಿಂದ ಹೊರಟದ್ದು. ಅದರ ನೆರೆಮನೆಯಲ್ಲಿ ಡಂಬೆಲ್ಲಿನ ಸದ್ದು ಇತ್ತು ಎಂಬುದನ್ನು ಯೋಗದ ಚರಿತ್ರಕಾರರು ಈಚೆಗೆ ಗಮನಿಸಿ ಪುಟಗಟ್ಟಲೆ ಬರೆದಿದ್ದಾರೆ. ಯಾರು ಯಾರಿಂದ ಏನು ಪಡೆದರು ಎಂಬ ಅವರ ವಾದಕ್ಕೆ ನಾನು ಇಳಿಯುವುದಿಲ್ಲ. ಒಬ್ಬ ದೊರೆ ಗರಡಿಯನ್ನೂ ಯೋಗಶಾಲೆಯನ್ನೂ ಜಿಮ್ಮನ್ನೂ ಒಟ್ಟಿಗೆ ಪೋಷಿಸಿದ, ಮೂರೂ ಒಂದರ ಕಾಲು ಒಂದು ಎಳೆಯದೆ ಬಾಳಿದವು ಎಂಬಷ್ಟು ನನಗೆ ಸಾಕು.

ಈಗ ಜೆ.ಸಿ. ರಸ್ತೆಯ ಆ ಬಾಗಿಲಿಗೆ ಬರೋಣ. ವ್ಯಾಯಾಮಶಾಲೆಯ ಒಂಟಿತನಕ್ಕೆ ಅಯ್ಯರ್ ಕಂಡುಕೊಂಡ ಮದ್ದು ಅವರ ಸಾಹಿತ್ಯದ ಹುಚ್ಚು. ಟಿ.ಪಿ. ಕೈಲಾಸಂ ಅವರ ಆಪ್ತ ಬಳಗದವರಲ್ಲಿ ಅಯ್ಯರ್ ಒಬ್ಬರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ಕೆಲಸ ಬಿಟ್ಟು, ಸಿಗರೇಟಿನ ಹೊಗೆಯ ನಡುವೆ ರಾತ್ರಿಗಳನ್ನು ಮಾತಿನಲ್ಲಿ ಕಳೆಯುತ್ತಿದ್ದ ಕೈಲಾಸಂ, ನಾಟಕಗಳನ್ನು ಕೂತು ಬರೆದವರಲ್ಲ. ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅಂಥವರನ್ನು ಉಳಿಸಿಕೊಳ್ಳಲು ಕೇಳುವವರ ಒಂದು ಬಳಗ ಬೇಕು, ಹೊತ್ತುಗೊತ್ತು ಕೇಳದ ಒಂದು ಜಾಗ ಬೇಕು. ಬೆಂಗಳೂರಿನಲ್ಲಿ ಶಿಸ್ತಿಗೆ ಹೆಸರಾದ ಮನೆಯೊಂದು ಊರಿನ ಅತ್ಯಂತ ಅಶಿಸ್ತಿನ ಮಹಾನುಭಾವನಿಗೆ ಒಲಿದದ್ದು ವಿಚಿತ್ರವೇ. ಸಿಗರೇಟು ಬಿಟ್ಟು ಬಾ, ನಾಲ್ಕು ಬಸ್ಕಿ ಹೊಡೆದು ಆಮೇಲೆ ಮಾತಾಡು ಎಂದು ಅಯ್ಯರ್ ಪಟ್ಟು ಹಿಡಿದಿದ್ದರೆ ಕನ್ನಡಕ್ಕೆ ನಷ್ಟವಾಗುತ್ತಿತ್ತು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಕೈಲಾಸಂ ಮರುವರ್ಷವೇ ತೀರಿಕೊಂಡರು. ಅಯ್ಯರ್ ಬರೆದ ‘ಕೈಲಾಸಂ ಸ್ಮರಣೆ’ ಆ ಗೆಳೆತನದ ದಾಖಲೆ.

ಅಯ್ಯರ್ ಸುತ್ತಲಿನ ರವಿ ಕಲಾವಿದರ ತಂಡ ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಹೆಸರಾಯಿತು. ಸಂಸ್ಥೆಗಳ ಚರಿತ್ರೆ ಬರೆಯುವವರು ನಾಟಕವನ್ನು ಒಂದು ಕಡೆ, ವ್ಯಾಯಾಮವನ್ನು ಇನ್ನೊಂದು ಕಡೆ ಇಟ್ಟು, ಎರಡೂ ಅಯ್ಯರ್ ಅವರ ಬಹುಮುಖ ಪ್ರತಿಭೆ ಎಂದು ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಡಂಬೆಲ್ ಎತ್ತುವವನು ತನ್ನ ಎಣಿಕೆ ಮುಗಿಸಿ ಮೈ ಒರೆಸಿಕೊಂಡು ಹೊರಟುಬಿಡಬಹುದು. ನಾಟಕಕ್ಕೆ ಬಂದವನು ಹಾಗೆ ಹೊರಡಲಾರ. ಅವನ ಮಾತಿಗೆ ಎದುರು ಮಾತು ಹೇಳುವವನು ಕಾಯುತ್ತಿರುತ್ತಾನೆ. ಅಖಾಡದ ಜೊತೆಗಾರನನ್ನು ಕಳೆದುಕೊಂಡಿದ್ದ ವ್ಯಾಯಾಮಕ್ಕೆ ರಂಗದ ಜೊತೆಗಾರ ಸಿಕ್ಕಿದ.

ಅಯ್ಯರ್ ಅವರ ಕಾದಂಬರಿಗಳನ್ನು ಓದಿದವರಿಗೆ ಇನ್ನೊಂದು ಸಂಗತಿ ಕಾಣದೇ ಇರದು. ‘ಶಾಂತಲಾ’ದ ನಾಯಕಿ ನೃತ್ಯ ಬಲ್ಲ ಹೊಯ್ಸಳ ರಾಣಿ, ಮೈಯ ಚಲನೆಯನ್ನು ಬಲ್ಲವರ ಕೈಗೆ ಅವಳು ಸಿಕ್ಕಿದ್ದು ಓದುಗರ ಪುಣ್ಯ. ‘ರೂಪದರ್ಶಿ’ಯದು ಇಟಲಿಯ ಕಥೆ. ಮೈಕೆಲೇಂಜೆಲೊ ಬಾಲ ಯೇಸುವಿನ ಚಿತ್ರಕ್ಕಾಗಿ ಒಬ್ಬ ಮುದ್ದು ಹುಡುಗನನ್ನು ಹುಡುಕಿ ಎದುರು ಕೂರಿಸಿಕೊಳ್ಳುತ್ತಾನೆ. ವರುಷಗಳು ಉರುಳಿದ ಮೇಲೆ ಜೂದಾಸನ ಮುಖಕ್ಕಾಗಿ ಅಲೆದು ಅಲೆದು ಒಬ್ಬ ಪಾತಕಿಯನ್ನು ಹಿಡಿದು ತಂದರೆ, ಅವನು ಅದೇ ಹುಡುಗ. ಕಸರತ್ತಿನಿಂದ ಯಾವ ಮೈಯನ್ನಾದರೂ ತಿದ್ದಬಹುದು ಎಂದು ಜೀವಮಾನವೆಲ್ಲ ಹೇಳಿದವರು, ಬದುಕು ಮುಖವನ್ನು ಹೇಗೆ ತಿದ್ದಿಬಿಡುತ್ತದೆ ಎಂಬ ಈ ಕಥೆಗೆ ಮನಸೋತರು. ವ್ಯಾಯಾಮಶಾಲೆಯಲ್ಲಿ ಅಳತೆಪಟ್ಟಿ ಹಿಡಿದವರು ಇದನ್ನು ಯಾವ ಹೊತ್ತಿನಲ್ಲಿ ಯೋಚಿಸುತ್ತಿದ್ದರೋ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಸಂಸ್ಥಾನ ಹೋದ ಮೇಲೆ ಗರಡಿಗಳಿಗೆ ಆಸರೆ ತಪ್ಪಿತು. ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿ ಬಂದು ಮಣ್ಣಿನ ನಾಡಕುಸ್ತಿ ಬದಿಗೆ ಸರಿಯಿತು. ಬಡಾವಣೆಗಳಲ್ಲಿ ಜಿಮ್ಮುಗಳು ಬಂದವು. ಗೋಡೆ ತುಂಬ ಕನ್ನಡಿ, ಒಂದೊಂದು ಸ್ನಾಯುವಿಗೆ ಒಂದೊಂದು ಯಂತ್ರ, ಕಿವಿಯಲ್ಲಿ ಹಾಡು. ಅಯ್ಯರ್ 1980ರಲ್ಲಿ ತೀರಿಕೊಂಡರು. ಆದರೆ ಹಳೆಯದೆಲ್ಲ ಅಳಿಸಿಹೋಯಿತು ಎಂದು ಅಳುವುದಕ್ಕೆ ಕಾರಣ ಕಡಿಮೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಕುಸ್ತಿಯಾಳಾಗಬೇಕೆಂದು ಹೊರಟು ಭಾರ ಎತ್ತುವುದಕ್ಕೆ ತಿರುಗಿ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕವಾಗಿ ಬೆಳ್ಳಿ ತಂದರು, 2022ರಲ್ಲಿ ಕಂಚು. ಹೆಣ್ಣುಮಕ್ಕಳಿಗೆ ಹೊಸ್ತಿಲೂ ಇರಲಿಲ್ಲ ಎಂದೆನಲ್ಲ, ಮೈಸೂರು ದಸರೆಯ ಕುಸ್ತಿಯಲ್ಲಿ ಈಗ ಅವರಿಗೆ ‘ದಸರಾ ಕಿಶೋರಿ’ ಪ್ರಶಸ್ತಿಯೇ ಇದೆ.

ಗುಮಾಸ್ತರಿಗೂ ಕಾಯಿಲೆಯವರಿಗೂ ಭಾರ ಎತ್ತಿಸಬಹುದು ಎಂಬ ಅಯ್ಯರ್ ಅವರ ಹಟಕ್ಕೆ ವೈದ್ಯವಿಜ್ಞಾನ ಬಹಳ ತಡವಾಗಿ ಮೊಹರು ಒತ್ತಿತು. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ ಪ್ರಯೋಗವೊಂದು ಪ್ರಕಟವಾಯಿತು. ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ವಯಸ್ಸಾದವರು ಮೆತ್ತಗೆ ಅಡ್ಡಾಡಿಕೊಂಡಿರಲಿ ಎಂಬ ಸಲಹೆ ಅಲ್ಲಿಂದ ಬದಲಾಗತೊಡಗಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮದ ಜೊತೆಗೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. ಅರವತ್ತೈದು ದಾಟಿದ ಗೃಹಿಣಿಗೆ ಇದರ ಅರ್ಥ ತೀರಾ ಸರಳ: ನೆಲದ ಮೇಲೆ ಕೂತವರು ಯಾರ ಕೈಯನ್ನೂ ಹಿಡಿಯದೆ ಏಳುವುದು, ತುಂಬಿದ ಬಿಂದಿಗೆಯನ್ನು ಕಟ್ಟೆಗೆ ಎತ್ತುವುದು, ಮೆಟ್ಟಿಲಲ್ಲಿ ಎಡವಿದರೆ ಸಾವರಿಸಿಕೊಳ್ಳುವುದು.

ಹತ್ತಿಪ್ಪತ್ತು ಜನ ಸೇರಿ ಒಂದೇ ಕಸರತ್ತನ್ನು ಒಟ್ಟಿಗೆ ಮಾಡಿ, ಕೊನೆಯವನು ಮುಗಿಸುವವರೆಗೆ ಉಳಿದವರು ನಿಂತು ಹುರಿದುಂಬಿಸುವ ಪುಟ್ಟ ಜಿಮ್ಮುಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಅಮೆರಿಕದ ಕ್ರಾಸ್‌ಫಿಟ್‌ನಿಂದ ಕಲಿತದ್ದು ಎಂದು ಅಲ್ಲಿನವರು ಹೇಳುತ್ತಾರೆ, ಕಲಿತಿರಲಿ, ತಪ್ಪೇನಿಲ್ಲ. ರಷ್ಯದ ಕೆಟಲ್‌ಬೆಲ್ ಪಕ್ಕದಲ್ಲಿ ನಮ್ಮದೇ ಗದೆ ‘ಸ್ಟೀಲ್ ಮೇಸ್’ ಎಂದು ವೇಷ ಬದಲಿಸಿ ಬಂದು ನಿಂತಿದೆ. ಇಂಥ ಕಡೆ ಯಂತ್ರ ಕಡಿಮೆ, ಕನ್ನಡಿಯೂ ಕಡಿಮೆ. ಎರಡು ದಿನ ಬಾರದವರಿಗೆ ಯಾರಾದರೂ ಫೋನು ಮಾಡುತ್ತಾರೆ. ಯಾರ ಮನೆಗೂ ಆಳು ಹೋಗಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಯದಾಗಿ ಒಂದು ಬೇಡಿಕೆ, ಸಂಚಿಕೆಯ ಹೊಣೆ ಹೊತ್ತವರ ಮುಂದೆ. ಅಯ್ಯರ್ ಕಾದಂಬರಿಗಳನ್ನು ಬರೆದದ್ದು ಕನ್ನಡದಲ್ಲಿ. ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸಿಕ್’, ‘ಸೂರ್ಯನಮಸ್ಕಾರ್’ ಬರೆದದ್ದು ಇಂಗ್ಲಿಷಿನಲ್ಲಿ. ನಾಡಿನಾಚೆಯ ಓದುಗರನ್ನು ಗಮನದಲ್ಲಿಟ್ಟು ಹಾಗೆ ಮಾಡಿರಬಹುದು. ಪರಿಣಾಮವಾಗಿ ಕನ್ನಡಿಗರು ಕಾದಂಬರಿಕಾರ ಅಯ್ಯರ್ ಅವರನ್ನು ಓದುತ್ತಾರೆ, ವ್ಯಾಯಾಮದ ಅಯ್ಯರ್ ಅವರನ್ನು ಹೊರದೇಶದ ಸಂಶೋಧಕರು ಓದುತ್ತಾರೆ. ಆ ಮೂರು ಪುಸ್ತಕಗಳನ್ನು ಮೂಲ ಚಿತ್ರಗಳ ಸಮೇತ ಕನ್ನಡಕ್ಕೆ ತರಬೇಕು. ಅವುಗಳಲ್ಲಿ ಇಂದಿನ ತಿಳಿವಳಿಕೆಗೆ ಒಪ್ಪದ ಮಾತುಗಳೂ ಇದ್ದಾವು. ಅದಕ್ಕೆ ಒಬ್ಬ ವೈದ್ಯರಿಂದಲೂ ಒಬ್ಬ ಹಳೆಯ ಉಸ್ತಾದರಿಂದಲೂ ಟಿಪ್ಪಣಿ ಬರೆಸಿದರಾಯಿತು.